ಗಾಜು ತೊಳೆಯುವ ನೀರಿಗೊಂದು ಜಮಾ-ಖರ್ಚು

ಮಕ್ಕಳೇ, ಈ ವಾರ ಒಂದು ಚಿಕ್ಕ ಲೆಕ್ಕ. ನೋಟುಪುಸ್ತಕ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲಿ ಕಾರು ಇರುವ ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಜೊತೆಗೆ ಕೂತುಕೊಳ್ಳಿ. ಕೊನೆಯಲ್ಲಿ ನಿಮಗೂ ಒಂದು ಕೆಲಸವಿದೆ.

ಕಾರು ಓಡಿಸುವಾಗ ಮುಂದಿನ ಗಾಜು ಕೊಳೆಯಾದರೆ ಅಪ್ಪನೋ ಅಮ್ಮನೋ ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು ಎಳೆಯುತ್ತಾರೆ. ಪಿಚಕಾರಿಯಂತೆ ನೀರು ಚಿಮ್ಮುತ್ತದೆ, ವೈಪರ್ ಅತ್ತಿಂದಿತ್ತ ಆಡುತ್ತದೆ, ಗಾಜು ತಿಳಿಯಾಗುತ್ತದೆ. ಈ ವೈಪರ್‌ಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಮೇರಿ ಆಂಡರ್ಸನ್ ಎಂಬ ಹೆಣ್ಣುಮಗಳು ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಹೋಗುತ್ತಿದ್ದಾಗ, ಗಾಜಿನ ಮೇಲೆ ಹಿಮ ಕೂತು ಚಾಲಕನಿಗೆ ದಾರಿ ಕಾಣದೆ ಪರದಾಡುವುದನ್ನು ಕಂಡಳು. ಒಳಗೇ ಕೂತು ಕೈಯಿಂದ ಹಿಡಿಕೆ ತಿರುಗಿಸಿ ಗಾಜು ಒರೆಸುವ ಸಾಧನವೊಂದನ್ನು ಯೋಚಿಸಿ, 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು.

ಗಾಜಿಗೆ ಬರೀ ನೀರು ಸಾಲದೇ ಎಂದು ನೀವು ಕೇಳಬಹುದು. ಧೂಳಿಗೆ ಸಾಕು. ಆದರೆ ಸಂಜೆ ಹೆದ್ದಾರಿಯಲ್ಲಿ ಗಾಜಿಗೆ ಬಡಿದು ಅಂಟಿಕೊಳ್ಳುವ ಹುಳುಗಳಿಗೆ ಸಾಲದು. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ಮುಂದಿನ ಲಾರಿ ಎರಚುವ ಕೆಸರಿನಲ್ಲಿ ಎಣ್ಣೆಯೂ ಸೇರಿರುತ್ತದೆ. ಅದನ್ನು ಬರೀ ನೀರಿನಲ್ಲಿ ಒರೆಸಿದರೆ ಗಾಜಿನ ತುಂಬ ಸವರಿದಂತಾಗುತ್ತದೆ, ಎದುರಿನ ವಾಹನದ ಬೆಳಕು ಬಿದ್ದಾಗ ಏನೂ ಕಾಣುವುದಿಲ್ಲ. ಎಣ್ಣೆಯ ಪಾತ್ರೆಗೆ ಸೋಪು ಬೇಕಾದಂತೆ ಇದಕ್ಕೂ ಚೂರು ಸೋಪಿನ ಅಂಶ ಬೇಕು. ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿಗಳಲ್ಲಿ ಸಿಗುವ ದ್ರವ ಇದಕ್ಕಾಗಿಯೇ. ಅದನ್ನು ಮನೆಯಲ್ಲೇ ಮಾಡಿಕೊಂಡರೆ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕೋಣ.

ಬೆಲೆಗಳು ಊರಿಂದೂರಿಗೆ ಬೇರೆ. ಸದ್ಯಕ್ಕೆ ನಾನು ಹೇಳುವುದನ್ನು ಉದಾಹರಣೆ ಎಂದಿಟ್ಟುಕೊಳ್ಳಿ, ಆಮೇಲೆ ನಿಮ್ಮ ಅಂಗಡಿಯ ಬೆಲೆ ಹಾಕಿ ಮತ್ತೆ ಮಾಡಿ. ಕಾರಿಗೆ ಎರಡು ತಿಂಗಳಿಗೊಮ್ಮೆ 2 ಲೀಟರ್ ಬೇಕೆಂದರೆ ವರ್ಷಕ್ಕೆ 12 ಲೀಟರ್. ತಯಾರಾದ ದ್ರವ ಲೀಟರಿಗೆ 100 ರೂಪಾಯಿ ಇದ್ದರೆ ವರ್ಷದ ಖರ್ಚು 1,200.

ಈಗ ಮನೆಯ ಲೆಕ್ಕ. 20 ಲೀಟರಿನ ಶುದ್ಧ ನೀರಿನ ಕ್ಯಾನಿಗೆ 60 ರೂಪಾಯಿ ಎಂದರೆ ಲೀಟರಿಗೆ 3 ರೂಪಾಯಿ. ಪಾತ್ರೆ ತೊಳೆಯುವ ಲಿಕ್ವಿಡ್ 250 ಮಿಲಿಲೀಟರಿಗೆ 50 ರೂಪಾಯಿ ಎಂದರೆ ಒಂದು ಮಿಲಿಲೀಟರಿಗೆ 20 ಪೈಸೆ. ಒಂದು ಲೀಟರ್ ನೀರಿಗೆ ಹತ್ತು ಹನಿ ಸಾಕು. ಹತ್ತು ಹನಿ ಎಂದರೆ ಸುಮಾರು ಅರ್ಧ ಮಿಲಿಲೀಟರ್, ಅಂದರೆ 10 ಪೈಸೆ. ಒಟ್ಟು ಲೀಟರಿಗೆ 3 ರೂಪಾಯಿ 10 ಪೈಸೆ. 12 ಲೀಟರಿಗೆ 37 ರೂಪಾಯಿ 20 ಪೈಸೆ. ಉಳಿದದ್ದು 1,162 ರೂಪಾಯಿ 80 ಪೈಸೆ!

ಕುಣಿಯಬೇಡಿ, ತಾಳಿ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನಿಗೆ ಇಷ್ಟು ಚೆಂದದ ಮೊತ್ತ ಕಂಡರೆ ಮೊದಲು ಅನುಮಾನವೇ ಬರುವುದು. ನಾವು ಹೋಲಿಸಿದ್ದು ಅತಿ ದುಬಾರಿ ವಸ್ತುವಿನ ಜೊತೆ. ಅಂಗಡಿಯಲ್ಲಿ ನೀರಿಗೆ ಬೆರೆಸಿಕೊಳ್ಳುವ ಗಟ್ಟಿ ದ್ರವವೂ ಸಿಗುತ್ತದೆ. 100 ಮಿಲಿಲೀಟರಿಗೆ 100 ರೂಪಾಯಿ, ಲೀಟರ್ ನೀರಿಗೆ 20 ಮಿಲಿಲೀಟರ್ ಹಾಕಬೇಕು ಎಂದುಕೊಳ್ಳಿ. ನೀರಿನ 3 ರೂಪಾಯಿಯೂ ಸೇರಿ ಲೀಟರಿಗೆ 23 ರೂಪಾಯಿ, ವರ್ಷಕ್ಕೆ 276. ಇದರಲ್ಲಿ ಮನೆಯ 37.20 ಕಳೆದರೆ ನಿಜವಾದ ಉಳಿತಾಯ 238 ರೂಪಾಯಿ 80 ಪೈಸೆ. ಉಳಿತಾಯ ಸುಳ್ಳಲ್ಲ, ಆದರೆ ಮೊದಲು ಕಂಡಷ್ಟಲ್ಲ. ಎಲ್ಲಿಯಾದರೂ “ಇಷ್ಟು ಉಳಿಯಿತು” ಎಂದು ಯಾರಾದರೂ ಹೇಳಿದರೆ, ಯಾವುದಕ್ಕೆ ಹೋಲಿಸಿ ಎಂದು ಕೇಳಿ.

ಈಗ ಖರ್ಚಿನ ಕಡೆ ನೋಡೋಣ. ಈ 239 ರೂಪಾಯಿ ಉಳಿಸಲು ಹೋಗಿ ನೀರು ಚಿಮ್ಮಿಸುವ ಪಂಪು ಕೆಟ್ಟರೆ ಮೂಗಿಗಿಂತ ಮೂಗುತಿ ಭಾರ. ಆದ್ದರಿಂದ ಮೂರು ಎಚ್ಚರ.

ಒಂದು, ಕೊಳವೆಬಾವಿಯ ಗಡಸು ನೀರು ಬೇಡ. ಬಚ್ಚಲ ನಲ್ಲಿಯ ಸುತ್ತ ಬಿಳಿ ಕರೆ ಕಟ್ಟಿದ್ದು ನೋಡಿದ್ದೀರಲ್ಲ, ಆ ಸುಣ್ಣದಂಥ ಅಂಶವೇ ನೀರು ಚಿಮ್ಮುವ ಸಣ್ಣ ತೂತುಗಳಲ್ಲೂ ಕೂರುತ್ತದೆ. ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಎರಡು, ಬಟ್ಟೆ ಒಗೆಯುವ ಪುಡಿ ಬೇಡ, ಅದು ಪೂರ್ತಿ ಕರಗದೆ ತಳದಲ್ಲಿ ನಿಲ್ಲುತ್ತದೆ. ಶಾಂಪೂ ಪ್ಯಾಕೆಟ್ ಸುರಿಯುವವರಿದ್ದಾರೆ. ಕೂದಲು ನಯವಾಗಲೆಂದು ಅದರಲ್ಲಿ ಸೇರಿಸಿರುವ ವಸ್ತುಗಳು ಗಾಜಿನ ಮೇಲೆ ಪೊರೆ ಕಟ್ಟುತ್ತವೆ. ಲಿಕ್ವಿಡ್ ಕೂಡ ಹತ್ತು ಹನಿಗಿಂತ ಹೆಚ್ಚು ಬೇಡ. ಬಾಟಲಿಯನ್ನು ಅಲುಗಾಡಿಸಿ ನೋಡಿ, ನೊರೆ ಬೇಗ ಇಳಿಯದಿದ್ದರೆ ನೀರು ಸೇರಿಸಿ.

ಮೂರು, ಬಾನೆಟ್ ಎತ್ತಿದಾಗ ಸರಿಯಾದ ಮುಚ್ಚಳ ತೆರೆಯಿರಿ. ಗಾಜಿನ ಮೇಲೆ ಕಾರಂಜಿ ಚಿಮ್ಮುವ ಚಿತ್ರ ಇರುವುದೇ ನಮ್ಮದು. ಪಕ್ಕದಲ್ಲಿ ಎಂಜಿನ್ ತಣ್ಣಗಿಡುವ ಕೂಲೆಂಟಿನ ಡಬ್ಬವಿರುತ್ತದೆ, ಅದಕ್ಕೆ ಸೋಪಿನ ನೀರು ಬಿದ್ದರೆ ದೊಡ್ಡ ಖರ್ಚು. ಈ ಕೆಲಸ ದೊಡ್ಡವರದು, ಎಂಜಿನ್ ತಣಿದ ಮೇಲೆ ಮಾಡುವುದು. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ಸೂಚನೆ ಇದ್ದರೆ ಅದೇ ಅಂತಿಮ.

ಅಜ್ಜ ಅಜ್ಜಿಯರೇ, ಈಗ ನಿಮ್ಮ ಜೊತೆ ಒಂದು ಮಾತು. ನಮ್ಮ ವಯಸ್ಸಿನವರ ಕಾರು ಹೆಚ್ಚಾಗಿ ಶೆಡ್ಡಿನಲ್ಲೇ ನಿಂತಿರುತ್ತದೆ, ಡಬ್ಬದ ನೀರೂ ವಾರಗಟ್ಟಲೆ ಬೆಚ್ಚಗೆ ನಿಂತಿರುತ್ತದೆ. ಬ್ರಿಟನ್ನಿನ ಹೆಲ್ತ್ ಪ್ರೊಟೆಕ್ಷನ್ ಏಜೆನ್ಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆಯುವ ದ್ರವ ಬೆರೆಸದೆ ಬರೀ ನೀರು ಹಾಕುವ ವಾಹನಗಳಲ್ಲಿ ಓಡಾಡುವವರಿಗೆ ಲೀಜನೇರ್ಸ್ ಎಂಬ ಶ್ವಾಸಕೋಶದ ಕಾಯಿಲೆಯ ಅಪಾಯ ಹೆಚ್ಚೆಂದು ಕಂಡುಬಂತು. ನಿಂತ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸಣ್ಣ ತುಂತುರಿನ ಮೂಲಕ ಉಸಿರಿಗೆ ಸೇರುತ್ತದೆ, ವಯಸ್ಸಾದವರನ್ನು ಹೆಚ್ಚು ಕಾಡುತ್ತದೆ. ಹತ್ತು ಹನಿ ಸೋಪು ಅದನ್ನು ಕೊಲ್ಲುತ್ತದೆ ಎಂದು ನಾನು ಹೇಳಲಾರೆ. ಹಾಗಾಗಿ ದಿನವೂ ಓಡುವ ಕಾರಿಗೆ ಮನೆಯ ದ್ರವ ಆದೀತು, ಆಗಾಗ ಹೊಸದಾಗಿ ಮಾಡಿಕೊಳ್ಳಿ. ನಿಂತೇ ಇರುವ ಕಾರಿಗೆ ಅಂಗಡಿಯ ಗಟ್ಟಿ ದ್ರವವೇ ಇರಲಿ. ವರ್ಷಕ್ಕೆ 239 ರೂಪಾಯಿ ಹೋದರೆ ಹೋಗಲಿ.

ಇನ್ನೊಂದು, ಟೊರಾಂಟೊದಲ್ಲೋ ಚಿಕಾಗೋದಲ್ಲೋ ಇರುವ ಮಗಳಿಗೆ ಈ ಬರಹವನ್ನು ವಾಟ್ಸಾಪ್ ಮಾಡುವುದಿದ್ದರೆ ಇದನ್ನೂ ಸೇರಿಸಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ. ನಮಗೆ ಆ ಚಿಂತೆಯಿಲ್ಲ. ಅಲ್ಲಿನ ಚಳಿಗಾಲದಲ್ಲಿ ನಮ್ಮ ಸೋಪಿನ ನೀರು ಡಬ್ಬದಲ್ಲೂ ಗಾಜಿನ ಮೇಲೂ ಮಂಜುಗಡ್ಡೆಯಾಗಿ ದಾರಿಯೇ ಕಾಣದಾಗುತ್ತದೆ. ಅಲ್ಲಿ ಅಂಗಡಿಯ ಚಳಿಗಾಲದ ದ್ರವವೇ ಬೇಕು.

ಅಂಥ ಅನೇಕ ದ್ರವಗಳಲ್ಲಿ, ಹೆಪ್ಪುಗಟ್ಟದಿರಲಿ ಎಂದು ಮೆಥನಾಲ್ ಸೇರಿಸಿರುತ್ತಾರೆ. ಇದು ಘೋರ ವಿಷ. ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಈ ಅಪಾಯಕ್ಕಾಗಿಯೇ ಐರೋಪ್ಯ ಒಕ್ಕೂಟ 2018ರಲ್ಲಿ ನಿಯಮ ಮಾಡಿ, ಸಾರ್ವಜನಿಕರಿಗೆ ಮಾರುವ ಇಂಥ ದ್ರವದಲ್ಲಿ ಮೆಥನಾಲ್ ಶೇಕಡ 0.6ಕ್ಕಿಂತ ಕಡಿಮೆ ಇರಬೇಕೆಂದಿತು. ಚಳಿಯೇ ಇಲ್ಲದ ನಮ್ಮೂರಲ್ಲಿ ಮನೆಯ ದ್ರವಕ್ಕೆ ಸ್ಪಿರಿಟ್, ಥಿನ್ನರ್ ಬೆರೆಸುವ ಅಗತ್ಯ ಎಳ್ಳಷ್ಟೂ ಇಲ್ಲ.

ಮನೆಯಲ್ಲಿ ಮಾಡುವ ದ್ರವದ ನಿಜವಾದ ಅಪಾಯ ಕಾರಿನಲ್ಲಿಲ್ಲ, ಬಾಟಲಿಯಲ್ಲಿದೆ. ನಾವು ಹಳೆಯ ಕಾಲದವರು ಖಾಲಿ ಬಾಟಲಿ ಎಸೆಯುವುದಿಲ್ಲ. ತಂಪು ಪಾನೀಯದ ಬಾಟಲಿಗೆ ಸೀಮೆಎಣ್ಣೆ, ನೀರಿನ ಬಾಟಲಿಗೆ ಫಿನಾಯಿಲು ತುಂಬಿಟ್ಟ ಮನೆಗಳು ಎಷ್ಟಿಲ್ಲ! ಆಟವಾಡಿ ಬಾಯಾರಿ ಬಂದ ಮಗುವಿಗೆ ಕಾಣುವುದು ಬಾಟಲಿಯ ಆಕಾರ, ಒಳಗಿರುವುದು ಏನೆಂದಲ್ಲ. ಅಂಗಡಿಯ ಡಬ್ಬದ ಮೇಲಾದರೆ ಹೆಸರು, ಎಚ್ಚರಿಕೆ ಅಚ್ಚಾಗಿರುತ್ತದೆ. ಮನೆಯದರ ಮೇಲೆ ನಾವೇ ಬರೆಯದಿದ್ದರೆ ಏನೂ ಇರುವುದಿಲ್ಲ.

ಅದಕ್ಕೇ ಮಕ್ಕಳೇ, ಈ ವಾರದ ಮನೆಗೆಲಸ ಇದು. ಬಿಳಿ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ “ಕಾರಿನ ಗಾಜಿಗೆ. ಕುಡಿಯಬಾರದು” ಎಂದು ಬರೆಯಿರಿ, ಕೆಳಗೆ ಮಾಡಿದ ತಾರೀಖು ಹಾಕಿ. ಇನ್ನೂ ಓದಲು ಬಾರದ ತಮ್ಮ ತಂಗಿಯರಿಗಾಗಿ ಕೆಂಪು ಬಣ್ಣದಲ್ಲಿ ದೊಡ್ಡ ಅಡ್ಡಗೆರೆ ಎಳೆಯಿರಿ. ಅಜ್ಜಿ ಅದನ್ನು, ಕುಡಿಯುವ ನೀರಿನದಲ್ಲದ ಡಬ್ಬಕ್ಕೆ ಅಗಲ ಟೇಪಿನಿಂದ ಅಂಟಿಸಲಿ. ಅಜ್ಜ ಅದನ್ನು ಯಾರ ಕೈಗೂ ಎಟುಕದ ಅಟ್ಟದ ಮೇಲಿಡಲಿ. ಮನೆಯಲ್ಲಿ ಹೆಸರಿಲ್ಲದ ಬೇರೆ ಬಾಟಲಿಗಳಿದ್ದರೆ ಅವಕ್ಕೂ ಒಂದೊಂದು ಚೀಟಿ ಬರೆದುಕೊಡಿ.

ನಿಮ್ಮೂರಿನ ಬೆಲೆ ಹಾಕಿ ಮಾಡಿದ ಲೆಕ್ಕದಲ್ಲಿ ಎಷ್ಟು ಉಳಿಯಿತೆಂದು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಯಾವುದಕ್ಕೆ ಹೋಲಿಸಿದಿರಿ ಎಂಬುದನ್ನು ಬರೆಯಲು ಮಾತ್ರ ಮರೆಯಬೇಡಿ.