ಹುಸಿ ಗುಳಿಗೆ, ನಿಜವಾದ ಜ್ವರ

ಚಳಿಜ್ವರವು ಊರಿಗೆ ಊರನ್ನೇ ಬರಿದು ಮಾಡಿದ ಕಾಲದ ಮಾತು ಮಲೆನಾಡಿನ ಹಳೆಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದೇ ಮಲೇರಿಯಾದಿಂದ ನರಳಿದ ಇನ್ನೊಂದು ಗುಡ್ಡಗಾಡು ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ವಿಯೆಟ್ನಾಂಗಳ ಕಾಡಂಚಿನದು. ಈ ಶತಮಾನದ ಆರಂಭದಲ್ಲಿ ಅಲ್ಲಿಯ ಬಡವರು ನೆಚ್ಚಿಕೊಂಡಿದ್ದುದು ಆರ್ಟಿಸುನೇಟ್ ಎಂಬ ಗುಳಿಗೆಯನ್ನು. ಅದರ ಮೂಲ ನಮ್ಮ ದವನದ ದಾಯಾದಿಯಾದ ಒಂದು ಚೀನೀ ಗಿಡ. ಆ ಗಿಡದ ಔಷಧ ಗುಣವನ್ನು ಕಂಡುಹಿಡಿದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಔಷಧದ ಈ ಕೀರ್ತಿಯೇ ವಂಚಕರ ಬಂಡವಾಳವಾಯಿತು. 2000-01ರಲ್ಲಿ ಆ ಪ್ರದೇಶದ ಅಂಗಡಿಗಳಲ್ಲಿ ಕೊಂಡ 104 ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡ 38ರಲ್ಲಿ ಆರ್ಟಿಸುನೇಟ್ ಇರಲೇ ಇಲ್ಲ. ಪೊಟ್ಟಣದ ಮೇಲೆ ಮಾತ್ರ ಅಸಲಿಯಂತೆಯೇ ಮಿನುಗುವ ಹೊಲೊಗ್ರಾಂ ಚೀಟಿಯಿತ್ತು. ಕೆಲವು ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಇತ್ತು. ಜ್ವರ ಇಳಿದಂತೆ ತೋರುತ್ತಿತ್ತು, ರೋಗ ಒಳಗೇ ಬೆಳೆಯುತ್ತಿತ್ತು.

ಬರಿಯ ಸುಳ್ಳು ಗುಳಿಗೆ ಅದನ್ನು ನುಂಗಿದ ರೋಗಿಯನ್ನು ಕೊಲ್ಲಬಹುದು. ಅರೆಬರೆ ಮದ್ದಿರುವ ಗುಳಿಗೆಯ ಕೇಡು ಅಷ್ಟಕ್ಕೆ ನಿಲ್ಲುವುದಿಲ್ಲ. ಅಸಲಿ ಗುಳಿಗೆಯಲ್ಲಿ ಸುಮಾರು 50 ಮಿಲಿಗ್ರಾಂ ಔಷಧವಿರಬೇಕಾದಲ್ಲಿ ಕೆಲವು ನಕಲಿಗಳಲ್ಲಿ ಹೆಚ್ಚೆಂದರೆ 12 ಮಿಲಿಗ್ರಾಂ ಇತ್ತು. ಪ್ರಮಾಣ ತಪ್ಪಿಸಿ ಕೀಟನಾಶಕ ಹೊಡೆದ ತೋಟದಲ್ಲಿ ಏನಾಗುತ್ತದೆಂಬುದು ರೈತನಿಗೆ ಗೊತ್ತು: ದುರ್ಬಲ ಹುಳು ಸಾಯುತ್ತದೆ, ಗಟ್ಟಿ ಹುಳು ಉಳಿದು ಸಂತಾನ ಬೆಳೆಸುತ್ತದೆ. ರೋಗಾಣುವಿನ ನಡೆಯೂ ಅದೇ. ಪಶ್ಚಿಮ ಕಾಂಬೋಡಿಯಾದಲ್ಲಿ ಈ ಔಷಧಕ್ಕೆ ಬೇಗ ಮಣಿಯದ ಮಲೇರಿಯಾ 2008-09ರ ವೇಳೆಗೆ ದೃಢಪಟ್ಟಿತು. ಅದಕ್ಕೆ ನಕಲಿಯೊಂದೇ ಕಾರಣವೆನ್ನುವಂತಿಲ್ಲ. ಬೇರೆ ಔಷಧದ ಜೊತೆಯಿಲ್ಲದೆ ಇದೊಂದನ್ನೇ ಕೊಡುತ್ತಿದ್ದುದೂ ಕಾರಣ. ಆದರೆ ನಕಲಿ ಆ ಬೆಂಕಿಗೆ ತುಪ್ಪವಾಯಿತು.

ಕಳ್ಳರನ್ನು ಹಿಡಿದುಕೊಟ್ಟ ಬಗೆ ಕುತೂಹಲಕರ. ಇಂಟರ್‌ಪೋಲ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಜ್ಞಾನಿಗಳು ಕೂಡಿ ಪರೀಕ್ಷಿಸಿದ 391 ಮಾದರಿಗಳಲ್ಲಿ 195 ನಕಲಿಯಾಗಿದ್ದವು. ಗುಳಿಗೆಯೊಳಗೆ ಸಿಕ್ಕಿಬಿದ್ದ ಪರಾಗರೇಣುಗಳೂ ಖನಿಜದ ಪುಡಿಯೂ ದಕ್ಷಿಣ ಚೀನಾದತ್ತ ಬೊಟ್ಟು ಮಾಡಿದವು. 2006ರಲ್ಲಿ ಚೀನಾದ ಪೊಲೀಸರು ಬಂಧನಕ್ಕಿಳಿದರು. ತಯಾರಕರು ಚೀಟಿಯನ್ನು ನಕಲು ಮಾಡಬಲ್ಲವರಾದರು, ತಮ್ಮ ಊರಿನ ಗಾಳಿಯನ್ನು ಅಳಿಸಲಾರದೆ ಹೋದರು.

ಇದು ದೂರದ ಕಥೆಯೆಂದು ಕೂರುವಂತಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ಪು ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡ 48.6ರಷ್ಟಿತ್ತು. ಅದು ನಕಲಿ ಸರಕಲ್ಲ, ಪರವಾನಗಿ ಪಡೆದ ಕಾರ್ಖಾನೆಯಿಂದಲೇ ಬಂದದ್ದು. ಪರೀಕ್ಷಾಲಯ ಕಣ್ಣು ತೆರೆದದ್ದು ಸಾವುಗಳ ಬಳಿಕ.

ವಿಷವನ್ನು ಕಣ್ಣಳತೆಯಲ್ಲಿ ಗುರುತಿಸುವ ಹೊಣೆಯನ್ನು ತಾಯಂದಿರ ತಲೆಗೆ ಕಟ್ಟುವುದು ಅನ್ಯಾಯ. ಅದು ಸರ್ಕಾರದ್ದು, ಮಾರಾಟಕ್ಕೆ ಮುನ್ನವೇ ನಡೆಯಬೇಕಾದದ್ದು. ಆದರೆ ಸಾಕ್ಷ್ಯವನ್ನು ಉಳಿಸಿಕೊಳ್ಳುವುದು ಕೊಳ್ಳುವವರ ಕೈಯಲ್ಲಿದೆ. ಪೇಟೆಯಲ್ಲಿ ಹಾಳೆಯಿಂದ ಕತ್ತರಿಸಿ ಕಾಗದದಲ್ಲಿ ಸುತ್ತಿಕೊಡುವ ನಾಲ್ಕು ಗುಳಿಗೆಗಳ ಮೇಲೆ ತಯಾರಕನ ಹೆಸರಾಗಲಿ, ಬ್ಯಾಚ್ ಸಂಖ್ಯೆಯಾಗಲಿ ಅನೇಕ ಸಲ ಇರುವುದಿಲ್ಲ. ರಸೀದಿಯಲ್ಲಿ ಅವೆರಡನ್ನೂ ಬರೆಸಿಕೊಳ್ಳದೆ ಹೊರಟರೆ, ನಾಳೆ ಔಷಧ ನಿಯಂತ್ರಕರ ಮುಂದೆ ದೂರು ಕೊಡಲು ಹೋದವರ ಕೈಯಲ್ಲಿ ಉಳಿಯುವುದು ಖಾಲಿ ಕಾಗದವಷ್ಟೆ.