ತಗ್ಗಿನ ಫೋಟೊ ಸಾಕು, ಇನ್ಮುಂದ ರಿಪೇರಿ ಫೋಟೊ ಹಾಕ್ರಿ

(1/4)
ದೋಸ್ತರ, ಮಳಿಗಾಲ ಬಂತಂದ್ರ ನಮ್ಮೆಲ್ಲರ ಸ್ಟೋರಿ ತುಂಬ ರಸ್ತೆ ತಗ್ಗಿನ ಫೋಟೊನೇ. ನೀರು ತುಂಬಿದ ತಗ್ಗು, ಮ್ಯಾಲೊಂದು ನಗೋ ಇಮೋಜಿ, ಕೆಳಗ ನಾಲ್ಕು ಟ್ಯಾಗ್. ನೇರವಾಗಿ ಹೇಳ್ತೀನಿ: ಆ ಫೋಟೊದಿಂದ ತಗ್ಗು ಮುಚ್ಚಬಹುದು, ರಸ್ತೆ ಸುಧಾರಿಸೋದಿಲ್ಲ.

ಕಲಾವಿದ ಬಾದಲ್ ನಂಜುಂಡಸ್ವಾಮಿ ನಿಮಗ ಗೊತ್ತಿರಬೇಕು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆ ಬಿಟ್ಟಿದ್ದರು, ನಿಜದ್ದಲ್ಲ, ಕಲಾಕೃತಿ. 2019ರಲ್ಲಿ ಹೇರೋಹಳ್ಳಿ ಕಡೆ ರಸ್ತೆಯಲ್ಲಿ ಗಗನಯಾತ್ರಿಯನ್ನ ನಡೆಸಿ, ಚಂದ್ರನ ಮ್ಯಾಲೆ ನಡೆದಂಗ ವಿಡಿಯೊ ಮಾಡಿದರು. ಎರಡೂ ಸಲ ಪಾಲಿಕೆಯವರು ಓಡಿಬಂದರು. ಖುಷಿನೇ. ಆದ್ರ ನಮ್ಮ ದಢೇಸುಗೂರಿನ ಒಂದೊಂದು ತಗ್ಗಿಗೂ ಒಬ್ಬೊಬ್ಬ ಕಲಾವಿದ ಎಲ್ಲಿಂದ ಬರಬೇಕು? ಮತ್ತ ಬಂದವರು ಏನು ಹಾಕಿ ಮುಚ್ಚಿದರು ಅಂತ ಕೇಳೋರು ಯಾರು?

(2/4)
ಮೊದಲು ತಗ್ಗು ಯಾಕ ಬೀಳ್ತೈತಿ ನೋಡ್ರಿ. ಡಾಂಬರಿಗೆ ಬಿಸಿಲಿಗಿಂತ ದೊಡ್ಡ ವೈರಿ ನೀರು. ಸಣ್ಣ ಬಿರುಕಿನಾಗ ನೀರು ಇಳೀತೈತಿ, ಮ್ಯಾಲೆ ಲಾರಿ ಟೈರು ಒತ್ತಿದಾಗ ಆ ನೀರು ಖಡಿಗೂ ಡಾಂಬರಿಗೂ ಇರೋ ಅಂಟು ಬಿಡಿಸ್ತೈತಿ. ಒಂದು ಖಡಿ ಎದ್ರ ಪಕ್ಕದ್ದು ಸಡಿಲ.

ನಮ್ಮ ಕಡೆ ಇನ್ನೊಂದು ತೊಂದರೆ: ಎರಿ ಮಣ್ಣು. ನೀರು ಕುಡಿದ್ರ ಉಬ್ತೈತಿ, ಒಣಗಿದ್ರ ಬಿರೀತೈತಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದು ನೆಲ್ಲು ನಾಟಿ ಮಾಡಿದ ಮ್ಯಾಲೆ ರಸ್ತೆಯ ಎರಡೂ ಬದಿ ತಿಂಗಳುಗಟ್ಟಲೆ ನೀರು ನಿಂತಿರ್ತೈತಿ. ಬುನಾದಿನೇ ಅಲುಗಾಡಿದ್ರ ಮ್ಯಾಲಿನ ಎರಡು ಇಂಚು ಡಾಂಬರ್ ಏನು ಮಾಡೀತು?

(3/4)
ಈಗ ನಾವು ನೋಡೋ ರಿಪೇರಿ ಏನು? ಒಂದು ಟ್ರಾಕ್ಟರ್ ಮರಂ ತಂದು ನೀರಿನ ಮ್ಯಾಲೇ ಸುರಿಯೋದು, ಸಲಿಕಿಯಿಂದ ಎರಡು ಸಲ ಬಡಿಯೋದು, ಹೋಗೋದು. ಮರುದಿನ ಅದು ರಾಡಿ. ಒಣಗಿದ್ರ ಧೂಳು, ಉಳಿದ ಖಡಿ ಹಿಂದಿನ ಬೈಕಿನವನ ಮುಖಕ್ಕ.

ಸರಿಯಾದ ಕೆಲಸಕ್ಕ ಬರೆದಿಟ್ಟ ಕ್ರಮ ಐತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 82 ಅನ್ನೋ ಸಂಹಿತೆ ಡಾಂಬರ್ ರಸ್ತೆ ನಿರ್ವಹಣೆಗಂತಲೇ ಇರೋದು. ಸಾರಾಂಶ ಇಷ್ಟ:

▪️ ತಗ್ಗಿನ ಸುತ್ತ ಗಟ್ಟಿ ಡಾಂಬರ್ ಸಿಗೋ ತನಕ ಚೌಕಾಗಿ, ಅಂಚು ನೆಟ್ಟಗ ಕತ್ತರಿಸಬೇಕು.
▪️ ನೀರು, ಮಣ್ಣು, ಸಡಿಲ ಖಡಿ ಎಲ್ಲಾ ತೆಗೆದು ಗುಡಿಸಬೇಕು.
▪️ ತಳಕ್ಕೂ ಅಂಚಿಗೂ ತೆಳ್ಳಗ ಎಮಲ್ಷನ್ ಹಚ್ಚಬೇಕು. ಹಳೇದಕ್ಕ ಹೊಸದು ಅಂಟೋದು ಇದರಿಂದನೇ.
▪️ ಡಾಂಬರ್ ಮಿಶ್ರಣ ಪದರು ಪದರಾಗಿ ತುಂಬಿ, ಪ್ರತಿ ಪದರನ್ನೂ ಯಂತ್ರದಿಂದ ದಮ್ಮಸ್ ಮಾಡಬೇಕು.

"ಮಳ್ಯಾಗ ಬಿಸಿ ಡಾಂಬರ್ ಎಲ್ಲಿಂದ ತರೋದ್ರಿ?" ಅಂತಾರ. ಅದಕ್ಕೂ ದಾರಿ ಐತಿ: ಚೀಲದಾಗ ಬರೋ ರೆಡಿಮೇಡ್ ಕೋಲ್ಡ್ ಮಿಕ್ಸ್. ಅದಕ್ಕೂ 2014ರಿಂದ ಐಆರ್‌ಸಿ 116 ಅನ್ನೋ ಮಾನದಂಡ ಐತಿ. ತುರ್ತಿಗೆ ಮರಂ ಹಾಕಿದ್ರ ನನ್ನ ತಕರಾರಿಲ್ಲ, ಬೈಕಿನವರ ಜೀವ ಉಳೀಲಿ. ಆದ್ರ ಅದನ್ನ ರಿಪೇರಿ ಅಂತ ಲೆಕ್ಕದಾಗ ಬರೀಬಾರದು, ಮಳಿ ನಿಂತ ಮ್ಯಾಲೆ ಮತ್ತ ಬರಬೇಕು.

(4/4)
ಹಂಗಾರ ನಾವೇನು ಮಾಡೋದು? ಕೆಲಸದವರು ಬಂದಾಗ ಮೊಬೈಲ್ ತೆಗೀರಿ. ಕತ್ತರಿಸಿದರಾ? ಗುಡಿಸಿದರಾ? ಎಮಲ್ಷನ್ ಹಚ್ಚಿದರಾ? ದಮ್ಮಸ್ ಆಯ್ತಾ? ನಾಲ್ಕು ಫೋಟೊ, ತಾರೀಖು, ಜಾಗ. ಬಿಸಿಲಾಗ ದುಡಿಯೋ ಕೂಲಿಯವರ ಮುಖ ಬ್ಯಾಡ, ಅವರ ಜೊತಿ ಜಗಳನೂ ಬ್ಯಾಡ. ಕೆಲಸ ಅಷ್ಟ ಕಾಣಲಿ.

ಇದು ಬರೀ ಲೈಕಿಗಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರೈತಿ. ರಸ್ತೆ ಕಟ್ಟೋರು, ನಿರ್ವಹಣೆ ಮಾಡೋರು ಸುರಕ್ಷತಾ ಮಾನದಂಡ ಪಾಲಿಸದೇ ಇದ್ದು, ಅದರಿಂದ ಯಾರಾದರೂ ಸತ್ರ ಅಥವಾ ಅಂಗವಿಕಲರಾದ್ರ 1 ಲಕ್ಷ ರೂಪಾಯಿವರೆಗೆ ದಂಡ. ಮಾನದಂಡ ಪಾಲಿಸಲಿಲ್ಲ ಅಂತ ತೋರಿಸೋದು ಹ್ಯಾಂಗ? ಮುಚ್ಚಿದ ಮ್ಯಾಲೆ ಒಳಗೇನೈತಿ ಯಾರಿಗೂ ಕಾಣಂಗಿಲ್ಲ. ಮುಚ್ಚೋ ಮುಂಚಿನ ಫೋಟೊಗೆ ಅದಕ್ಕ ಬೆಲೆ.

ದೂರು ಕೊಡೋ ಮುಂಚೆ ರಸ್ತೆ ಯಾರದು ತಿಳ್ಕೊಳ್ರಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾಯ್ದು ಸಿರುಗುಪ್ಪಕ್ಕ ಹೋಗೋದು ರಾಷ್ಟ್ರೀಯ ಹೆದ್ದಾರಿ 150ಎ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆದು. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಸಿಂಧನೂರು ಒಳಗಿನದಕ್ಕ ನಗರಸಭೆ.

ಕೊನೀ ಮಾತು ಕಹಿ ಅನಿಸಬಹುದು. ಕೇಜ್ ವೀಲ್ ಹಾಕಿದ ಟ್ರಾಕ್ಟರ್ ಡಾಂಬರ್ ಮ್ಯಾಲೆ ಓಡಿಸೋರು ನಮ್ಮವರೇ. ರಸ್ತೆ ಬದಿ ಗಟಾರ ಮುಚ್ಚಿ ಹೊಲ ಅಗಲ ಮಾಡೋರೂ ನಮ್ಮವರೇ. ಎಷ್ಟು ಚಂದ ತಗ್ಗು ಮುಚ್ಚಿದರೂ ನೀರು ಹರಿಯಾಕ ಜಾಗ ಇಲ್ಲಂದ್ರ ಮುಂದಿನ ವರ್ಷ ಅದೇ ತಗ್ಗು. ಎಂಜಿನಿಯರಿಗೆ ಕೇಳೋ ಪ್ರಶ್ನೆನ ರಾತ್ರಿ ಊಟಕ್ಕ ಕುಂತಾಗ ಅಪ್ಪಗೂ ಕಾಕಾಗೂ ಕೇಳ್ರಿ. ಅಲ್ಲಿ ಕೇಳಾಕ ಜಾಸ್ತಿ ಧೈರ್ಯ ಬೇಕು, ನನಗ ಗೊತ್ತು.

ನಿಮ್ಮೂರಾಗ ಚೌಕಾಗಿ ಕತ್ತರಿಸಿ ಮುಚ್ಚಿದ ಒಂದಾದರೂ ತಗ್ಗು ಐತೇನು? ಇದ್ರ ಫೋಟೊ ಕಳಸ್ರಿ. ಒಳ್ಳೆ ಕೆಲಸನೂ ಜನ ನೋಡಲಿ.

#ದಢೇಸುಗೂರು #ಸಿಂಧನೂರು #ರಸ್ತೆತಗ್ಗು #ರಿಪೇರಿಫೋಟೊ