ಹಿನ್ನೀರಿನ ದಂಡೆಗೆ ಬಿಲಾತಿ ಗುಡಾರ

ಶನಿವಾರ ಮಧ್ಯಾಹ್ನ ಮೂರು ಹೊಡೆಯಿತೆಂದರೆ ಯಾದವಗಿರಿಯ ಕೆಲವು ಮನೆಗಳ ಮುಂದೆ ಸಡಗರ ಶುರು. ಸ್ಕೂಟರಿನ ಹಿಂದೆ ಉದ್ದನೆಯ ಚೀಲ, ಅದರೊಳಗೆ ಗಾಳದ ಕೋಲು. ಕಾಲ ಬಳಿ ಡಬ್ಬ, ಡಬ್ಬದಲ್ಲಿ ಕಡಲೆಕಾಯಿ ಹಿಂಡಿ ಬೆರೆಸಿದ ರಾಗಿ ಮುದ್ದೆ. ಇದು ಊಟಕ್ಕಲ್ಲ, ಮೀನಿಗೆ. ಕೆ.ಆರ್.ಎಸ್. ರಸ್ತೆ ಹಿಡಿದು ಹೊರಟರೆ ಮುಕ್ಕಾಲು ಗಂಟೆಯಲ್ಲಿ ಕನ್ನಂಬಾಡಿ. ಇಲವಾಲದ ಕಡೆ ತಿರುಗಿದವರಿಗೆ ಮೀನಾಕ್ಷಿಪುರದ ಹಿನ್ನೀರು, ಇನ್ನೂ ಮುಂದೆ ಹೋದವರಿಗೆ ಸಾಗರಕಟ್ಟೆ. ಅರಸೀಕೆರೆ ರೈಲಿನಲ್ಲಿ ಓಡಾಡುವವರಿಗೆ ಸಾಗರಕಟ್ಟೆಯ ಸೇತುವೆ ಗೊತ್ತೇ ಇದೆ. ಕಿಟಕಿಯಿಂದ ನೋಡಿದರೆ ದಂಡೆಯಲ್ಲಿ ಕೊಡೆ ಹಿಡಿದು ಕೂತ ಒಂದೆರಡು ತಲೆ ಕಾಣುವುದು ಹೊಸದೇನಲ್ಲ.

ಹೊಸದು ಬೇರೆ ಇದೆ. ಮೊದಲೆಲ್ಲ ಸಂಜೆಗೆ ಗಾಳ ಸುತ್ತಿ ಮನೆಗೆ ಬರುತ್ತಿದ್ದವರು ಈಗ ರಾತ್ರಿಯೂ ಅಲ್ಲೇ ಇರಬೇಕೆನ್ನುತ್ತಾರೆ. ದೊಡ್ಡ ಗೆಂಡೆ ರಾತ್ರಿ ಹೊತ್ತು ದಡಕ್ಕೆ ಮೇಯಲು ಬರುತ್ತದೆ ಎಂಬುದು ಗಾಳಗಾರರೆಲ್ಲ ಒಪ್ಪುವ ಮಾತು. ರಾತ್ರಿ ಇರಬೇಕೆಂದ ಮೇಲೆ ಸೂರು ಬೇಕು. ಸೂರು ಬೇಕೆಂದಾಗ ಮೊಬೈಲಿನಲ್ಲಿ ಕಾಣುವುದು ಬಿಲಾತಿಯ ‘ಬಿವ್ವಿ’!

ಬಿವ್ವಿ ಎಂದರೆ ಗೆಂಡೆ ಹಿಡಿಯುವವರ ಗುಡಾರ. ಮಾಮೂಲು ಟೆಂಟಿಗೂ ಇದಕ್ಕೂ ಒಂದು ವ್ಯತ್ಯಾಸ. ಟೆಂಟಿಗೆ ಬಾಗಿಲು ಚಿಕ್ಕದು, ತೆವಳಿಕೊಂಡು ಹೊರಬರಬೇಕು. ಬಿವ್ವಿಗೆ ಮುಂಭಾಗ ಪೂರ್ತಿ ತೆರೆದಿರುತ್ತದೆ. ಮೀನು ಕಚ್ಚಿ ಗಂಟೆ ಬಾರಿಸಿತೆಂದರೆ ಮಂಚದಿಂದ ಎದ್ದವನು ನೇರ ಕೋಲಿಗೆ ಕೈ ಹಾಕಬೇಕು, ಅದಕ್ಕೆ. ಇಂಗ್ಲೆಂಡಿನಲ್ಲಿ ಇದು ಹುಟ್ಟಿದ್ದು ಕೊಡೆಯಿಂದ. ದೊಡ್ಡ ಕೊಡೆ ಓರೆ ಮಾಡಿ ನೆಟ್ಟು ಅದರ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಅದೇ ಬೆಳೆದು ಗುಡಾರವಾಯಿತು. 1952ರಲ್ಲಿ ರಿಚರ್ಡ್ ವಾಕರ್ ಎಂಬಾತ ಹಿಯರ್‌ಫರ್ಡ್‌ಷೈರಿನ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದ. ಆ ಮೀನನ್ನು ಲಂಡನ್ ಮೃಗಾಲಯಕ್ಕೇ ಕೊಟ್ಟರು, ಜನ ಹೋಗಿ ನೋಡಿದರು. ಆಮೇಲೆ ಅಲ್ಲಿ ಗೆಂಡೆ ಹುಚ್ಚು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಒಳ್ಳೆಯ ಬಿವ್ವಿಗೆ ಅಲ್ಲಿ ಇನ್ನೂರು, ಮುನ್ನೂರು ಪೌಂಡ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ದಾಟಿತು. ತೂಕ ಹತ್ತು ಕಿಲೋ ಆಸುಪಾಸು. ಸ್ಕೂಟರಿನವರ ಪಾಡು ಅವರೇ ಹೇಳಬೇಕು.

ಮೈಸೂರಿನವರಿಗೆ ಗಾಳ ಬಿಲಾತಿಯಿಂದ ಬಂದ ಹುಚ್ಚು ಎಂದು ಯಾರೂ ಹಳಿಯಬೇಕಿಲ್ಲ. ಗೆಂಡೆಯ ಜಾತಿಯಲ್ಲೇ ದೊಡ್ಡಣ್ಣನಾದ ಮಶೀರ್ ಮೀನಿನ ಹೆಸರಾಂತ ದಾಖಲೆ ಈ ಜಿಲ್ಲೆಯದೇ. 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋದ ಮಶೀರ್ ಹಿಡಿದವರು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್. ಸತ್ತ ಹುಲಿ ಚಿರತೆಗಳನ್ನು ಜೀವಂತದಂತೆ ನಿಲ್ಲಿಸುತ್ತಿದ್ದ ಆ ಪ್ರಸಿದ್ಧ ಕಾರ್ಖಾನೆಯವರು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಎಂದು ಕಾವೇರಿ ದಂಡೆಯಲ್ಲಿ ಮಶೀರ್ ಶಿಬಿರಗಳು ನಡೆದವು. ದೇಶ ವಿದೇಶದವರು ಬಂದರು, ಹಿಡಿದದ್ದನ್ನು ತೂಗಿ ಮತ್ತೆ ನೀರಿಗೆ ಬಿಟ್ಟರು. ಅದು ವನ್ಯಜೀವಿಧಾಮದ ಜಾಗ. 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ಹಾಕುವುದು ನಿಂತಿತು. ಕಾವೇರಿಯ ಆ ಗೂನುಬೆನ್ನಿನ ಮಶೀರನ್ನು 2018ರಲ್ಲಿ ಅಳಿವಿನ ಕೊನೆ ಮೆಟ್ಟಿಲಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ಹಾಗಾಗಿ ಗಾಳದವರಿಗೆ ಉಳಿದದ್ದು ಕೆರೆ, ಹಿನ್ನೀರು. ಮೀನೂ ಬದಲಾಯಿತು: ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಈ ಸಾಮಾನ್ಯ ಗೆಂಡೆಯೂ ಪರದೇಶಿಯೇ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತಂದದ್ದು ಒಂದು ತಳಿ, 1957ರಲ್ಲಿ ಬ್ಯಾಂಕಾಕಿನಿಂದ ಬಂದದ್ದು ಇನ್ನೊಂದು. ಮೀನು ಇಲ್ಲಿಗೆ ಒಗ್ಗಿಕೊಂಡಿತು. ಗುಡಾರ ಒಗ್ಗುತ್ತದೆಯೇ?

ಒಗ್ಗುವುದಿಲ್ಲ, ಅಥವಾ ಅರ್ಧಂಬರ್ಧ ಒಗ್ಗುತ್ತದೆ. ಬಿವ್ವಿ ಹೊಲಿದದ್ದು ಚಳಿಗೆ ಮತ್ತು ಸಣ್ಣಗೆ ದಿನವಿಡೀ ಜಿನುಗುವ ಮಳೆಗೆ. ಏಪ್ರಿಲ್ ತಿಂಗಳ ರಾತ್ರಿ ಹಿನ್ನೀರಿನಲ್ಲಿ ಅದರೊಳಗೆ ಮಲಗಿದರೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ. ಒಂದೇ ಪದರದ ಬಟ್ಟೆಯಾದರೆ ಉಸಿರಿನ ಹಬೆಯೇ ಒಳಗೆ ಹನಿಯಾಗಿ ಬೆಳಗಿನ ಜಾವ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಅಯ್ಯೋ, ಸಾವಿರಾರು ಕೊಟ್ಟ ಗುಡಾರ ಸೋರುತ್ತೆ ಅಂತ ಬೈದುಕೊಳ್ಳುವವರು ಇದನ್ನು ತಿಳಿಯಬೇಕು. ಸೋರಿದ್ದು ಮಳೆಯಲ್ಲ, ಅವರದೇ ಉಸಿರು.

ಕೊಳ್ಳುವಾಗ ಚೀಟಿಯ ಮೇಲೆ 2000 ಮಿಲಿಮೀಟರ್, 5000 ಮಿಲಿಮೀಟರ್ ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಆಚೆ ಜಿನುಗುತ್ತದೆ ಎಂಬ ಲೆಕ್ಕ ಅದು. 5000 ಎಂದರೆ ಐದು ಮೀಟರ್. ಇಲ್ಲಿನ ಬೇಸಿಗೆ ಮಳೆಯ ಬಡಿತಕ್ಕೆ ಎರಡು ಮೀಟರಿನ ಬಟ್ಟೆಯೂ ಬಹುಮಟ್ಟಿಗೆ ತಡೆಯುತ್ತದೆ. ತಡೆಯದಿರುವುದು ಹೊಲಿಗೆ. ಹೊಲಿಗೆಯ ಒಳಮೈಗೆ ಪಟ್ಟಿ ಅಂಟಿಸಿದೆಯೋ ಇಲ್ಲವೋ ನೋಡದೆ ದೊಡ್ಡ ಅಂಕಿಗೆ ದುಡ್ಡು ಸುರಿಯುವುದು ದಂಡ.

ಇನ್ನು ಗೂಟ. ಹಿನ್ನೀರು ಇಳಿದ ಜಾಗದ ಮಣ್ಣು ಮೇಲೆ ಬಿರುಕು, ಒಳಗೆ ಕೆಸರು. ಗುಡಾರದ ಜೊತೆ ಕೊಡುವ ಗೇಣುದ್ದದ ಗೂಟ ಅಲ್ಲಿ ನಿಲ್ಲದು. ಖಾಲಿ ಸಿಮೆಂಟ್ ಚೀಲ ನಾಲ್ಕು ಒಯ್ದು ಅಲ್ಲೇ ಮಣ್ಣು ತುಂಬಿ ಹಗ್ಗ ಕಟ್ಟುವುದು ಹಳಬರ ಉಪಾಯ. ಜೂನಿನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದಿಂದ, ನೈರುತ್ಯದಿಂದ ಬೀಸುತ್ತದೆ. ಬೆನ್ನು ಅತ್ತ ಮಾಡಿ ನಿಲ್ಲಿಸಬೇಕು. ಬೇಸಿಗೆಯ ಗುಡುಗು ಮಳೆಗೆ ಮಾತ್ರ ದಿಕ್ಕು ದೆಸೆ ಇಲ್ಲ. ಆಗ ಸೂರಿನ ಯೋಚನೆಯನ್ನೇ ಬಿಟ್ಟು ಕೋಲು ಕೆಳಗಿಡಬೇಕು. ಈಗಿನ ಗಾಳದ ಕೋಲು ಕಾರ್ಬನ್ನಿನದು, ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಬಯಲು ದಂಡೆಯಲ್ಲಿ ಹತ್ತಡಿ ಕೋಲು ಎತ್ತಿ ಹಿಡಿದವನೇ ಎಲ್ಲರಿಗಿಂತ ಎತ್ತರದವನು. ಸಿಡಿಲು ಎರಗುವುದು ಯಾರ ಮೇಲೆ ಎಂದು ಕೇಳಬೇಕೇ? ಹತ್ತಿರದಲ್ಲಿ ಕಾರಿದ್ದರೆ ಕಾರಿನೊಳಗೆ, ಇಲ್ಲವಾದರೆ ಊರೊಳಗೆ.

ಇಷ್ಟೆಲ್ಲ ತೂಗಿ ನೋಡಿದರೆ ಸಂತೇಪೇಟೆಯ ಕಡೆ ಸಿಗುವ ಒಂದು ದಪ್ಪ ಟಾರ್ಪಾಲು, ಎರಡು ಬಿದಿರು, ಒಂದು ಸೊಳ್ಳೆ ಪರದೆ, ನೆಲಕ್ಕೆ ಇನ್ನೊಂದು ಹಾಸು, ವರ್ಷದ ಮುಕ್ಕಾಲು ಪಾಲು ರಾತ್ರಿಗೆ ಇಷ್ಟೇ ಸಾಕು. ಗಾಳಿ ಆಡುತ್ತದೆ, ಮುಂದೆ ತೆರೆದಿರುತ್ತದೆ, ಕೆಟ್ಟರೆ ಕಣ್ಣೀರು ಹಾಕಬೇಕಿಲ್ಲ. ಪರದೆಯ ಅಂಚನ್ನು ಹಾಸಿನ ಕೆಳಗೆ ಸಿಕ್ಕಿಸುವುದು ಸೊಳ್ಳೆಗೆ ಮಾತ್ರವಲ್ಲ, ಹಾವು ಚೇಳಿಗೂ ಹೌದು. ದುಡ್ಡಿದ್ದವರು ಬಿವ್ವಿ ಕೊಳ್ಳಲಿ, ಬೇಡವೆನ್ನುವವರಾರು? ಕೊಂಡರೆ ಹಿಂಬದಿಗೂ ಬಲೆಯ ಕಿಟಕಿ ಇರುವುದನ್ನೇ ಆರಿಸಬೇಕು. ಯಾವ ಸೂರೇ ಆಗಲಿ, ಬಾಗಿಲು ಮುಚ್ಚಿಕೊಂಡು ಒಳಗೆ ಇದ್ದಿಲು ಒಲೆ ಇಡುವುದು ಮಾತ್ರ ಪ್ರಾಣಕ್ಕೆ ಎರವು. ಆ ವಿಷಗಾಳಿಗೆ ವಾಸನೆಯೂ ಇಲ್ಲ.

ಆದರೆ ಸೂರಿಗಿಂತ ದೊಡ್ಡ ಪ್ರಶ್ನೆ ಸೂರು ನಿಲ್ಲಿಸುವ ಜಾಗದ್ದು. ಇಂಗ್ಲೆಂಡಿನ ಕೊಳದ ನೀರು ರಾತ್ರಿ ಮಲಗಿದಲ್ಲೇ ಬೆಳಿಗ್ಗೆಯೂ ಇರುತ್ತದೆ. ಕನ್ನಂಬಾಡಿಯ ನೀರು ಹಾಗಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ಮರುವರ್ಷ ಜುಲೈ ಕೊನೆಗೆ ಒಂದು ಲಕ್ಷ ಕ್ಯೂಸೆಕ್ ದಾಟಿ ಹೊರಬಿಟ್ಟರು. 2025ರಲ್ಲಂತೂ ಜೂನ್ ತಿಂಗಳಲ್ಲೇ 124.80 ಅಡಿಯ ಪೂರ್ಣ ಮಟ್ಟ ಮುಟ್ಟಿತು. ಕೊಡಗಿನಲ್ಲಿ ಮಳೆ ಹಿಡಿದಾಗ ಒಂದು ದಿನಕ್ಕೆ ಎರಡು ಅಡಿ ಏರುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ.

ಲೆಕ್ಕ ಹಾಕಿ ನೋಡಿ. ದಂಡೆ ಚಪ್ಪಟೆ, ನೂರು ಅಡಿ ನಡೆದರೆ ಒಂದಡಿ ಏರು ಎಂದಿಟ್ಟುಕೊಳ್ಳೋಣ. ಮಟ್ಟ ಒಂದಡಿ ಏರಿದರೆ ನೀರು ನೂರು ಅಡಿ ಒಳಗೆ ಬಂದ ಹಾಗಾಯಿತು. ದಿನಕ್ಕೆ ಎರಡು ಅಡಿ ಎಂದರೆ ಸಂಜೆ ಎಂಟರಿಂದ ಬೆಳಗಿನ ಆರರವರೆಗೆ ಹತ್ತು ಅಂಗುಲ. ಎಂಬತ್ತು ಅಡಿಗೂ ಹೆಚ್ಚು ನೀರು ಸದ್ದಿಲ್ಲದೆ ಹತ್ತಿರ ಬಂದಿರುತ್ತದೆ. ನೀರಂಚಿಗೆ ಇಪ್ಪತ್ತಡಿಯಲ್ಲಿ ಬಿವ್ವಿ ನಿಲ್ಲಿಸಿ ಗೊರಕೆ ಹೊಡೆಯುವವನ ಗತಿ ಏನು? ಮೈಸೂರಿನಲ್ಲಿ ಆ ರಾತ್ರಿ ಒಂದು ಹನಿ ಬಿದ್ದಿರದಿದ್ದರೂ ಇದು ಆಗುತ್ತದೆ. ಮಳೆ ಬೀಳುವುದು ತಲಕಾವೇರಿಯ ಕಡೆ, ಮುಳುಗುವುದು ಇಲ್ಲಿ.

ಕಟ್ಟೆಯ ಕೆಳಗೆ, ಬಲಮುರಿ ಎಡಮುರಿ ಶ್ರೀರಂಗಪಟ್ಟಣದ ಕಡೆ, ರಾತ್ರಿ ಗುಡಾರ ಹಾಕುವ ಮಾತೇ ಬೇಡ. ಮೇಲಿಂದ ನೀರು ಬಿಟ್ಟರೆ ಓಡಲು ಸಮಯವಿಲ್ಲ, ಮೊಸಳೆಗಳೂ ಇವೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆಲ್ಲ ಅವುಗಳ ದರ್ಶನವಾಗಿದೆ. ಕಬಿನಿ ಹಿನ್ನೀರಿನ ಕಾಡಿನ ಮಗ್ಗುಲು ಆನೆಯದು, ಅರಣ್ಯ ಇಲಾಖೆಯದು. ಕನ್ನಂಬಾಡಿಯಲ್ಲೂ ಹಿಡಿದ ಮೀನನ್ನು ಗುಡಾರದ ಬಾಗಿಲಲ್ಲೇ ಸೀಳಿ ಕರುಳು ಎಸೆಯುವ ಚಾಳಿ ಕೆಟ್ಟದ್ದು. ಅದಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡಿತೆಂದು ಬೃಂದಾವನ ತೋಟವನ್ನೇ ಮುಚ್ಚಿದ್ದು ಮರೆತುಹೋಯಿತೇ?

ಈ ವಿದ್ಯೆಯೆಲ್ಲ ಗೊತ್ತಿರುವವರು ಅದೇ ದಂಡೆಯಲ್ಲಿದ್ದಾರೆ. ತೆಪ್ಪದಲ್ಲಿ ಬಲೆ ಬೀಸಿ ಬದುಕುವ ಮೀನುಗಾರ ಕುಟುಂಬಗಳು. ಪ್ಲಾಸ್ಟಿಕ್ ಹಾಳೆಯ ಜೋಪಡಿ, ಮಗುಚಿ ಒರಗಿಸಿದ ತೆಪ್ಪದ ನೆರಳು, ಅವರ ಬಿವ್ವಿ ಅದೇ. ನೀರು ಏರಿದಂತೆ ಜೋಪಡಿ ಹಿಂದಕ್ಕೆ, ಇಳಿದಂತೆ ಮುಂದಕ್ಕೆ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವುದು ಅವರ ಕಸುಬು. ಶನಿವಾರದ ಗಾಳಗಾರನ ದಾರ ಕತ್ತಲಲ್ಲಿ ಆ ಬಲೆಗೆ ಸಿಕ್ಕಿತೆಂದರೆ ಕತ್ತರಿಸುವುದು ಯಾವುದನ್ನು? ಸಾಮಾನ್ಯವಾಗಿ ಬಲೆಯನ್ನೇ. ಒಬ್ಬನಿಗೆ ಅದು ವಾರದ ಮೋಜು, ಇನ್ನೊಬ್ಬನಿಗೆ ವಾರದ ಅಕ್ಕಿ. ಇಂಥದ್ದಕ್ಕೇ ಜಗಳ ಹುಟ್ಟುತ್ತದೆ. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ, ಕೆರೆಯಾದರೆ ಗುತ್ತಿಗೆದಾರನ ಒಪ್ಪಿಗೆ ಬೇಕು. ಕಟ್ಟೆಯ ಹತ್ತಿರದ್ದು ನಿಷೇಧಿತ ಜಾಗ. ಗುಡಾರಕ್ಕೆ ಇಪ್ಪತ್ತು ಸಾವಿರ ಎಣಿಸುವವರು ಈ ಕಾಗದದ ವಿಷಯ ಕೇಳಿದರೆ ‘ಒಂದು ಕೋಲಿಗೆ ಯಾತಕ್ಕೆ ಸಾರ್’ ಎನ್ನುತ್ತಾರೆ.

ಸರ್ಕಾರದ ಕಡೆಯದೂ ಒಂದು ಮಾತು. ಬೃಂದಾವನ ತೋಟಕ್ಕೆ, ಕಾವೇರಿ ಆರತಿಗೆ ಕೋಟಿಗಳ ಯೋಜನೆಯ ಮಾತು 2025ರಲ್ಲಿ ಜೋರಾಗಿ ನಡೆಯಿತು. ಹಿನ್ನೀರಿನ ಸುತ್ತ ಜನ ಸೇರುವ ನಾಲ್ಕೈದು ಕಡೆ, ಪೂರ್ಣ ಮಟ್ಟದ ನೀರು ಎಲ್ಲಿಗೆ ಬರುತ್ತದೆಂದು ಬಣ್ಣ ಬಳಿದ ಒಂದೊಂದು ಕಲ್ಲು ನೆಡಲು ಕೋಟಿ ಬೇಡ. ಕಲ್ಲಿನ ಈಚೆ ಗುಡಾರ, ಆಚೆ ಇಲ್ಲ ಎಂದರೆ ಮುಗಿಯಿತು. ಬಲೆ ಬಿಡುವ ಜಾಗ ಯಾವುದು, ಗಾಳದ ಜಾಗ ಯಾವುದು ಎಂದು ಅಲ್ಲಿನ ಮೀನುಗಾರರನ್ನೇ ಕೂರಿಸಿ ಕೇಳಿದರೆ ಅರ್ಧ ದಿನದ ಕೆಲಸ. ಕೊಂಚ ಶುಲ್ಕ ಇಟ್ಟು ರಾತ್ರಿ ಕಾವಲಿಗೆ ಅವರಲ್ಲೇ ಒಬ್ಬರನ್ನು ನೇಮಿಸಿದರೆ ಇಬ್ಬರಿಗೂ ಅನುಕೂಲ.

ಅಲ್ಲಿಯವರೆಗೆ ಹೋಗುವವರು ಹೋಗಿಯೇ ಹೋಗುತ್ತಾರೆ. ಅಂಥವರು ಕತ್ತಲಾಗುವ ಮುನ್ನ ಹತ್ತಿರದ ಜೋಪಡಿಯವರನ್ನು ಕಂಡು ಬಲೆ ಎಲ್ಲಿದೆ ಎಂದು ಕೇಳಿಕೊಳ್ಳಲಿ, ಅವರ ಜೋಪಡಿಗಿಂತ ನೀರಿಗೆ ಹತ್ತಿರ ಗುಡಾರ ಹಾಕದಿರಲಿ. ನೀರಂಚಿನಲ್ಲೊಂದು ಕಡ್ಡಿ, ಅಲ್ಲಿಂದ ಗುಡಾರದತ್ತ ಇಪ್ಪತ್ತು ಹೆಜ್ಜೆಗೆ ಇನ್ನೊಂದು ಕಡ್ಡಿ ನೆಟ್ಟು, ಎರಡಕ್ಕೂ ಬಿಳಿ ಬಟ್ಟೆ ಕಟ್ಟಿ, ಗಂಟೆಗೊಮ್ಮೆ ಟಾರ್ಚು ಬಿಟ್ಟು ನೋಡಲಿ. ಮೊದಲನೆಯ ಕಡ್ಡಿ ನೀರೊಳಗೆ ನಿಂತಿತ್ತೆಂದರೆ ಗಾಳ ಸುತ್ತಿಕೊಳ್ಳುವ ಹೊತ್ತು. ಎರಡನೆಯದೂ ನೆನೆಯಿತೆಂದರೆ ಬಿವ್ವಿಯನ್ನು ಅಲ್ಲೇ ಬಿಟ್ಟು ಊರ ದಾರಿ ಹಿಡಿಯುವುದು.